ಮಾತು ಖಳನಿಗೆ, ಮೌನ ನಾಯಕನಿಗೆ: ರಾಂಡಾಲ್ಫ್ ಸ್ಕಾಟ್ ಅಭಿನಯದ ಮರುಪರಿಶೀಲನೆ

ಪೀಠಿಕೆ

ಹಾಲಿವುಡ್‌ನ ವೆಸ್ಟರ್ನ್ ಚಿತ್ರಗಳ ಚರಿತ್ರೆಯಲ್ಲಿ ರಾಂಡಾಲ್ಫ್ ಸ್ಕಾಟ್ (1898–1987) ಅವರ ಸ್ಥಾನ ತುಸು ವಿಚಿತ್ರವಾದದ್ದು. ಜಾನ್ ವೇಯ್ನ್, ಗ್ಯಾರಿ ಕೂಪರ್, ಜೇಮ್ಸ್ ಸ್ಟೂವರ್ಟ್ ಅವರ ಜೊತೆಗೆ ಅವರ ಹೆಸರನ್ನೂ ಹೇಳುತ್ತಾರೆ. ಅಭಿನಯದ ಮಾತು ಬಂದೊಡನೆ ಆ ಹೆಸರು ಹಿಂದಿನ ಸಾಲಿಗೆ ಸರಿಯುತ್ತದೆ. ಕಲ್ಲಿನಂಥ ಮುಖ, ಏರಿಳಿತವಿಲ್ಲದ ದನಿ, ಅಳತೆ ಮೀರದ ಚಲನೆ: ಸ್ಕಾಟ್ ಎಂದರೆ ಇಷ್ಟೇ ಎಂಬುದು ರೂಢಿಯ ತೀರ್ಮಾನ. ಅವರನ್ನು ಮೆಚ್ಚುವವರೂ ಈ ಮಾತನ್ನು ಒಪ್ಪಿಕೊಂಡು, ಅದು ನಿರ್ದೇಶಕರಿಗೆ ಅನುಕೂಲವಾಗಿ ಒದಗಿತು ಎಂದು ಸಮಾಧಾನಪಡುವುದುಂಟು.

ಆ ಮೌನ ಸ್ಕಾಟ್ ಅವರ ಮಿತಿಯೂ ಅಲ್ಲ, ತಾನಾಗಿ ಒದಗಿದ್ದೂ ಅಲ್ಲ. ಅದು ಕಟ್ಟಿದ್ದು ಎಂಬುದು ಈ ಲೇಖನದ ವಾದ. ಅದನ್ನು ಕಟ್ಟಿದ್ದರಲ್ಲಿ ನಟನ ವಯಸ್ಸು, ಅವರೇ ಪಾಲುದಾರರಾಗಿದ್ದ ನಿರ್ಮಾಣ ಸಂಸ್ಥೆ, ಚಿತ್ರಕಥೆಯೊಳಗಿನ ಮಾತಿನ ಹಂಚಿಕೆ, ಸಂಕಲನ ಎಲ್ಲಕ್ಕೂ ಪಾಲಿದೆ. ಇದಕ್ಕೆ ಸಾಕ್ಷಿಯಾಗಿ 1956ರಿಂದ 1960ರವರೆಗೆ ಅವರು ಬಡ್ ಬೆಟಿಕರ್ ನಿರ್ದೇಶನದಲ್ಲಿ ನಟಿಸಿದ ಚಿತ್ರಗಳನ್ನು ಪರಿಶೀಲಿಸಿ, 1962ರ ಅವರ ಕೊನೆಯ ಚಿತ್ರವನ್ನು ಒರೆಗಲ್ಲಾಗಿ ಬಳಸಲಾಗಿದೆ.

1. ಬೇರೆಯವರ ಅಚ್ಚಿಗೆ ಹೊಂದಿದ ಮುಖ

ಸ್ಕಾಟ್ ಹುಟ್ಟಿದ್ದು ವರ್ಜೀನಿಯಾದ ಆರೆಂಜ್ ಕೌಂಟಿಯಲ್ಲಿ, 1898ರ ಜನವರಿ 23ರಂದು. ಬೆಳೆದದ್ದು ನಾರ್ತ್ ಕ್ಯಾರೊಲೈನಾದ ಷಾರ್ಲಟ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗವನ್ನು ಕಂಡುಬಂದರು. ಕಾಲೇಜು ಓದು ಪೂರ್ತಿಯಾಗಲಿಲ್ಲ. ತಂದೆ ಕೆಲಸ ಮಾಡುತ್ತಿದ್ದ ಜವಳಿ ಕಂಪನಿಯಲ್ಲಿ ಕೆಲಕಾಲ ದುಡಿದು, 1920ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಸೇರಿದರು. ಸಣ್ಣಪುಟ್ಟ ಪಾತ್ರಗಳ ಆ ದಿನಗಳ ಒಂದು ಸಂಗತಿಯನ್ನು ಅವರ ಬಗ್ಗೆ ಬರೆದವರೆಲ್ಲ ಪ್ರಸ್ತಾಪಿಸುತ್ತಾರೆ: 1929ರ 'ದ ವರ್ಜೀನಿಯನ್' ಚಿತ್ರಕ್ಕಾಗಿ ಗ್ಯಾರಿ ಕೂಪರ್‌ಗೆ ವರ್ಜೀನಿಯಾದ ಮಾತಿನ ಧಾಟಿ ಹೇಳಿಕೊಟ್ಟವರು ಸ್ಕಾಟ್. ವೆಸ್ಟರ್ನ್ ಪ್ರಕಾರದಲ್ಲಿ ಮಿತಭಾಷಿ ನಾಯಕನ ಮಾದರಿಯೆಂದು ಹೆಸರಾದ ಪಾತ್ರಕ್ಕೆ ದನಿ ತಿದ್ದಿದವರು, ಮೂರು ದಶಕಗಳ ನಂತರ ಆ ಮಾದರಿಯನ್ನು ಅದರ ಕೊನೆಯ ಅಂಚಿಗೆ ಒಯ್ದರು.

1932ರಲ್ಲಿ ಪ್ಯಾರಮೌಂಟ್ ಅವರನ್ನು ಕರಾರಿಗೆ ತೆಗೆದುಕೊಂಡಿತು. ಝೇನ್ ಗ್ರೇ ಕಾದಂಬರಿಗಳನ್ನು ಆಧರಿಸಿ ಮೂಕಿ ಕಾಲದಲ್ಲಿ ತೆಗೆದ ಚಿತ್ರಗಳನ್ನು ಆ ಕಂಪನಿ ಆಗ ಮಾತು ಸೇರಿಸಿ ಹೊಸದಾಗಿ ತಯಾರಿಸುತ್ತಿತ್ತು. 'ಹೆರಿಟೇಜ್ ಆಫ್ ದ ಡೆಸರ್ಟ್' ಮೊದಲಾದ ಈ ಸರಣಿಯ ಹೆಚ್ಚಿನವುಗಳ ನಿರ್ದೇಶಕ ಹೆನ್ರಿ ಹಾಥವೇ. ಖರ್ಚು ಉಳಿಸಲು ಹಳೆಯ ಚಿತ್ರಗಳ ದೂರದ ದೃಶ್ಯಗಳನ್ನು ಹಾಗೆಯೇ ಹೆಣೆಯುತ್ತಿದ್ದರು. ಆ ದೃಶ್ಯಗಳಲ್ಲಿ ಕುದುರೆಯ ಮೇಲಿದ್ದವನು ಜಾಕ್ ಹೋಲ್ಟ್. ಹತ್ತಿರದ ದೃಶ್ಯದಲ್ಲಿ ಸ್ಕಾಟ್ ಅವನಂತೆಯೇ ಕಾಣಬೇಕಲ್ಲ, ಅದಕ್ಕೆ ಅವರ ಕೂದಲಿಗೆ ಕಪ್ಪು ಬಣ್ಣ, ಮೂಗಿನ ಕೆಳಗೆ ಮೀಸೆ. ಇನ್ನೊಬ್ಬರ ದೇಹಕ್ಕೆ ಮುಖ ಹೊಂದಿಸುವ ಈ ಕೆಲಸದಲ್ಲಿ ಭಾವಾಭಿನಯಕ್ಕಿಂತ ನಿಲುವಿಗೆ, ಕುದುರೆಯ ಮೇಲೆ ಕೂರುವ ರೀತಿಗೆ ಹೆಚ್ಚಿನ ಬೆಲೆ. ಚೌಕಟ್ಟಿನಲ್ಲಿ ದೇಹವನ್ನು ಸುಮ್ಮನೆ ಇರಿಸುವ ಶಿಸ್ತು ಅವರಿಗೆ ಇಲ್ಲಿಂದಲೇ ಬಂದಿರಬೇಕು.

ಆದರೂ ಆ ಕಾಲದ ಸ್ಕಾಟ್ ಒಂದೇ ಬಗೆಯ ನಟರಾಗಿರಲಿಲ್ಲ. ಫ್ರೆಡ್ ಅಸ್ಟೇರ್–ಜಿಂಜರ್ ರಾಜರ್ಸ್ ಜೋಡಿಯ 'ರಾಬರ್ಟಾ' (1935), 'ಫಾಲೋ ದ ಫ್ಲೀಟ್' (1936) ಸಂಗೀತ ಚಿತ್ರಗಳಲ್ಲಿ ಅವರಿದ್ದರು. 'ಮೈ ಫೇವರಿಟ್ ವೈಫ್' (1940) ಹಾಸ್ಯಚಿತ್ರದಲ್ಲಿ ಕ್ಯಾರಿ ಗ್ರಾಂಟ್ ಎದುರಿಗೆ ನಟಿಸಿದರು. ಫ್ರಿಟ್ಸ್ ಲಾಂಗ್ ನಿರ್ದೇಶನದ 'ವೆಸ್ಟರ್ನ್ ಯೂನಿಯನ್' (1941) ಚಿತ್ರದಲ್ಲಿ ದರೋಡೆ ಬಿಟ್ಟು ತಂತಿ ಕಂಪನಿಗೆ ಸೇರುವ ವ್ಯಾನ್ಸ್ ಷಾ, 'ದ ಸ್ಪಾಯ್ಲರ್ಸ್' (1942) ಚಿತ್ರದಲ್ಲಿ ಜಾನ್ ವೇಯ್ನ್‌ಗೆ ಎದುರಾಳಿಯಾದ ನಯವಂಚಕ. ನಗು, ನಯ, ಕಪಟ ಮೂರೂ ಅವರ ಕೈಯಲ್ಲಿದ್ದವು. ಮುಂದೆ ಇವನ್ನು ಬದಿಗಿಟ್ಟರು ಎಂಬುದು ಮುಖ್ಯ. ಏಕೆಂದರೆ ಕೈಯಲ್ಲಿ ಇದ್ದದ್ದನ್ನು ಮಾತ್ರ ಬದಿಗಿಡಲು ಸಾಧ್ಯ.

2. ಪಾಲುದಾರನ ಲೆಕ್ಕಾಚಾರ

1947ರ 'ಕ್ರಿಸ್‌ಮಸ್ ಈವ್' ನಂತರ ಸ್ಕಾಟ್ ನಾಯಕರಾಗಿ ನಟಿಸಿದ್ದೆಲ್ಲವೂ ವೆಸ್ಟರ್ನ್ ಚಿತ್ರಗಳೇ. ಐವತ್ತರ ಹೊಸ್ತಿಲಲ್ಲಿದ್ದ ನಟ ಹೀಗೆ ಒಂದೇ ಪ್ರಕಾರಕ್ಕೆ ಕಟ್ಟುಬೀಳುವುದನ್ನು ಹಿನ್ನಡೆ ಎಂದು ಓದುವುದು ಸುಲಭ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ನಿರ್ಮಾಪಕ ಹ್ಯಾರಿ ಜೋ ಬ್ರೌನ್ ಜೊತೆ ಪಾಲುದಾರಿಕೆಯಲ್ಲಿ ಅವರು ತಮ್ಮ ಚಿತ್ರಗಳನ್ನು ತಾವೇ ತಯಾರಿಸತೊಡಗಿದರು. ಇಬ್ಬರ ಹೆಸರುಗಳನ್ನೂ ಬೆಸೆದು ಮುಂದೆ 'ರಾನೌನ್' ಎಂಬ ಸಂಸ್ಥೆಯ ಹೆಸರು ಬಂತು. 1950ರಿಂದ 1953ರವರೆಗೆ ಸತತ ನಾಲ್ಕು ವರ್ಷ, ಅಮೆರಿಕದ ಚಿತ್ರಮಂದಿರ ಮಾಲೀಕರು ಗಲ್ಲಾಪೆಟ್ಟಿಗೆಯ ಮೊದಲ ಹತ್ತು ತಾರೆಗಳಲ್ಲಿ ಅವರನ್ನು ಆರಿಸಿದರು. ಚಿತ್ರೀಕರಣದ ಬಿಡುವಿನಲ್ಲಿ ಅವರು ವಾಲ್ ಸ್ಟ್ರೀಟ್ ಜರ್ನಲ್ ಓದುತ್ತ ಕೂರುತ್ತಿದ್ದರೆಂದು ಜೊತೆಗಾರರು ನೆನೆಯುತ್ತಾರೆ.

ಈ ಸ್ವಾತಂತ್ರ್ಯಕ್ಕೆ ಕಟ್ಟಳೆಗಳೂ ಇದ್ದವು. ಆಂಡ್ರೆ ಡಿ ಟಾತ್ ನಿರ್ದೇಶಿಸಿದ ಆರು ಚಿತ್ರಗಳೂ ಸೇರಿದಂತೆ ಆ ಕಾಲದ ಸ್ಕಾಟ್ ಚಿತ್ರಗಳಿಗೆ ಬಂಡವಾಳ ಕಡಿಮೆ, ದಿನಗಳೂ ಕಡಿಮೆ. ಬೆಟಿಕರ್ ತಮ್ಮ ಚಿತ್ರಗಳನ್ನು ಎರಡು–ಮೂರು ವಾರಗಳಲ್ಲಿ ಮುಗಿಸುತ್ತಿದ್ದರು; ಒಂದೊಂದರ ಅವಧಿ 73ರಿಂದ 80 ನಿಮಿಷ. ಜನಜಂಗುಳಿಯ ದೃಶ್ಯಗಳಿಗೆ ಅಲ್ಲಿ ಅವಕಾಶವಿಲ್ಲ. ನಾಲ್ಕೈದು ಪಾತ್ರಗಳು, ಅಷ್ಟೇ ಕುದುರೆಗಳು, ಕ್ಯಾಲಿಫೋರ್ನಿಯಾದ ಲೋನ್ ಪೈನ್ ಬಳಿಯ ಅಲಬಾಮಾ ಹಿಲ್ಸ್‌ನ ಉರುಟು ಬಂಡೆಗಳು. ಇಷ್ಟರಲ್ಲೇ ಕಥೆ ನಡೆಯಬೇಕೆಂದರೆ ಒತ್ತಡ ಹುಟ್ಟಬೇಕಾದದ್ದು ಪಾತ್ರಗಳ ನಡುವೆಯೇ.

3. ಮಾತಿನ ಹಂಚಿಕೆ

'ಸೆವೆನ್ ಮೆನ್ ಫ್ರಮ್ ನೌ' (1956) ಚಿತ್ರಕಥೆಯನ್ನು ಬರ್ಟ್ ಕೆನಡಿ ಬರೆದದ್ದು ಜಾನ್ ವೇಯ್ನ್ ಅವರ ಬ್ಯಾಟ್‌ಜ್ಯಾಕ್ ಸಂಸ್ಥೆಗೆ. ವೇಯ್ನ್ 'ದ ಸರ್ಚರ್ಸ್' ಚಿತ್ರದಲ್ಲಿ ತೊಡಗಿದ್ದರಿಂದ ಪಾತ್ರ ಸ್ಕಾಟ್ ಅವರಿಗೆ ಬಂತು. ಆಗ ಅವರಿಗೆ ಐವತ್ತೆಂಟು. ಈ ಚಿತ್ರದಲ್ಲಿ ಕೆನಡಿ ರೂಪಿಸಿದ ವಿನ್ಯಾಸ 'ದ ಟಾಲ್ ಟಿ' (1957), 'ರೈಡ್ ಲೋನ್‌ಸಮ್' (1959), 'ಕಮಾಂಚಿ ಸ್ಟೇಷನ್' (1960) ಚಿತ್ರಗಳಲ್ಲೂ ಮರುಕಳಿಸುತ್ತದೆ. ಒಬ್ಬ ಒಂಟಿ ಸವಾರ. ಅವನ ಜೊತೆಯಲ್ಲೇ ಸಾಗುವ, ಅವನನ್ನು ಗೌರವಿಸುವ, ಆದರೆ ದಾರಿ ಮುಗಿಯುವಾಗ ಅವನನ್ನು ಕೊಲ್ಲಬೇಕಾಗಬಹುದೆಂದು ಬಲ್ಲ ಎದುರಾಳಿ. ಈ ಎದುರಾಳಿಯೇ ಚಿತ್ರದ ಮಾತುಗಾರ.

'ಸೆವೆನ್ ಮೆನ್ ಫ್ರಮ್ ನೌ' ಚಿತ್ರದಲ್ಲಿ ಲೀ ಮಾರ್ವಿನ್ ನಟಿಸಿದ ಮಾಸ್ಟರ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಮಳೆಯ ರಾತ್ರಿ, ಇಕ್ಕಟ್ಟಾದ ಬಂಡಿಯೊಳಗೆ ಗಂಡ, ಹೆಂಡತಿ, ಸ್ಕಾಟ್ ಅವರ ಪಾತ್ರವಾದ ಸ್ಟ್ರೈಡ್ ಮತ್ತು ಮಾಸ್ಟರ್ಸ್ ಕೂತಿದ್ದಾರೆ. ಗಂಡನನ್ನು ಬಿಟ್ಟು ಬೇರೊಬ್ಬನ ಹಿಂದೆ ಹೋದ ಹೆಣ್ಣಿನ ಕಥೆಯನ್ನು ಮಾಸ್ಟರ್ಸ್ ಕಾಫಿ ಹೀರುತ್ತ ನಿಧಾನವಾಗಿ ಹೇಳುತ್ತಾನೆ. ಕಥೆ ಯಾರ ಕುರಿತದ್ದೆಂದು ಅಲ್ಲಿರುವ ನಾಲ್ವರಿಗೂ ಗೊತ್ತು. ಮಾತೆಲ್ಲ ಮಾರ್ವಿನ್‌ನದೇ; ನಾವು ನೋಡುತ್ತಿರುವುದು ಮಾತ್ರ ಸ್ಕಾಟ್ ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದನ್ನು. 'ದ ಟಾಲ್ ಟಿ'ಯಲ್ಲಿ ಒತ್ತೆಯಾಳನ್ನು ಕಾಯುವ ಡಕಾಯಿತ ಅಷರ್ (ರಿಚರ್ಡ್ ಬೂನ್), ತನಗೂ ಒಂದು ಜಮೀನು, ನಾಲ್ಕು ದನ ಬೇಕೆಂಬ ಆಸೆಯನ್ನು ತನ್ನ ಕೈದಿಯೆದುರೇ ತೋಡಿಕೊಳ್ಳುತ್ತಾನೆ. ಹೇಳಿಕೊಳ್ಳಲು ಅವನಿಗೆ ಬೇರೆ ಯಾರೂ ಇಲ್ಲ. ನಾಯಕ ಸುಮ್ಮನಿದ್ದಷ್ಟೂ ಖಳ ಬಿಚ್ಚಿಕೊಳ್ಳುತ್ತಾನೆ. ಹಾಗೆ ಬಿಚ್ಚಿಕೊಂಡವನನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದೇ ಈ ಚಿತ್ರಗಳ ದುರಂತ. ಬ್ಯಾಟ್‌ಜ್ಯಾಕ್‌ಗಾಗಿ ತೆಗೆದ ಮೊದಲ ಚಿತ್ರವನ್ನು ಬಿಟ್ಟರೆ, ಪ್ರತಿಭಾವಂತ ಕಿರಿಯ ನಟರಿಗೆ ಒಳ್ಳೆಯ ಮಾತುಗಳನ್ನು ಬಿಟ್ಟುಕೊಟ್ಟದ್ದು ಸ್ವತಃ ಹಣ ಹೂಡಿದ ತಾರೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಬೆಟಿಕರ್ ಯೌವನದಲ್ಲಿ ಮೆಕ್ಸಿಕೋದಲ್ಲಿ ಹೋರಿಕಾಳಗ ಕಲಿತವರು. ಹೋರಿ ನುಗ್ಗಿಬಂದಾಗ ಕಾಲು ಕದಲಿಸದೆ ನಿಲ್ಲುವುದು ಆ ವಿದ್ಯೆಯಲ್ಲಿ ಧೈರ್ಯದ ಕುರುಹು. ಸ್ಕಾಟ್ ಪಾತ್ರಗಳು ಎದುರಾಳಿಯ ಮಾತಿನ ಮುಂದೆ ನಿಲ್ಲುವ ರೀತಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗದು.

4. ತೋರಿಸದ ಕೈ, ಆಡದ ದುಃಖ

ಸಂಕಲನವೂ ಇದೇ ನಿಲುವಿಗೆ ಒತ್ತಾಸೆಯಾಗಿದೆ. 'ಸೆವೆನ್ ಮೆನ್ ಫ್ರಮ್ ನೌ' ಚಿತ್ರದ ಕೊನೆಯ ಮುಖಾಮುಖಿಯಲ್ಲಿ ಸ್ಟ್ರೈಡ್ ಪಿಸ್ತೂಲು ಸೆಳೆಯುವುದು ನಮಗೆ ಕಾಣುವುದೇ ಇಲ್ಲ. ಕಾಣುವುದು ಗುಂಡು ತಿಂದ ಮಾಸ್ಟರ್ಸ್‌ನ ಅಚ್ಚರಿ, ಒರೆಯ ಬಳಿಯೇ ಉಳಿದ ಅವನ ಕೈಗಳು. ಪ್ರಕಾರದ ಅತ್ಯಂತ ಜನಪ್ರಿಯ ಕ್ಷಣವನ್ನು ನಾಯಕನಿಂದ ಕಸಿದುಕೊಂಡು, ಅದರ ಪರಿಣಾಮವನ್ನು ಖಳನ ಮುಖಕ್ಕೆ ವರ್ಗಾಯಿಸಲಾಗಿದೆ. 1957ರಲ್ಲಿ ಫ್ರಾನ್ಸಿನ 'ಕಯೆ ದ್ಯು ಸಿನೆಮಾ' ಪತ್ರಿಕೆಯಲ್ಲಿ ಈ ಚಿತ್ರವನ್ನು ಆದರ್ಶ ವೆಸ್ಟರ್ನ್ ಎಂದು ಕರೆದ ವಿಮರ್ಶಕ ಆಂದ್ರೆ ಬಜಾನ್, ಸ್ಕಾಟ್ ಮುಖವನ್ನು ಮೂಕಿ ಕಾಲದ ವಿಲಿಯಂ ಎಸ್. ಹಾರ್ಟ್ ಮುಖಕ್ಕೆ ಹೋಲಿಸಿದರು.

ಈ ಮೌನದ ಹಿಂದೆ ಹೆಚ್ಚಿನ ಚಿತ್ರಗಳಲ್ಲಿ ಕಳೆದುಹೋದ ಹೆಂಡತಿಯಿದ್ದಾಳೆ. ಸ್ಟ್ರೈಡ್‌ನ ಹೆಂಡತಿ ದರೋಡೆಕೋರರ ಗುಂಡಿಗೆ ಬಲಿಯಾದವಳು. ಷೆರಿಫ್ ಹುದ್ದೆ ಕಳೆದುಕೊಂಡವನು ಕೆಳಗಿನ ಕೆಲಸ ಒಪ್ಪದ ಕಾರಣ ಅವಳು ದುಡಿಯಲು ಹೋಗಬೇಕಾಯಿತು. ಸೇಡಿನ ಜೊತೆಗೆ ತಪ್ಪಿನ ಅರಿವೂ ಅವನನ್ನು ಅಟ್ಟುತ್ತದೆ. 'ರೈಡ್ ಲೋನ್‌ಸಮ್'ನ ಬ್ರಿಗೇಡ್‌ನ ಹೆಂಡತಿಯನ್ನು ಮರಕ್ಕೆ ನೇಣುಹಾಕಿದ ಫ್ರಾಂಕ್‌ಗೆ (ಲೀ ವಾನ್ ಕ್ಲೀಫ್) ಆ ಕೃತ್ಯ ಮರೆತೇಹೋಗುವಷ್ಟು ಹಳೆಯದು. ಸೇಡು ತೀರಿದ ಮೇಲೆ ಬ್ರಿಗೇಡ್ ಆ ಒಣಮರಕ್ಕೆ ಬೆಂಕಿಯಿಟ್ಟು ಅದರೆದುರು ನಿಲ್ಲುತ್ತಾನೆ. ಕ್ಯಾಮೆರಾ ಹೊಗೆಯ ಜೊತೆ ಮೇಲೇರುತ್ತದೆ. 'ಕಮಾಂಚಿ ಸ್ಟೇಷನ್'ನ ಕೋಡಿ ಹತ್ತು ವರ್ಷದಿಂದ ಸೆರೆಯಾದ ಹೆಂಡತಿಯನ್ನು ಹುಡುಕುತ್ತ, ಪ್ರತಿ ಸಲವೂ ಬೇರೆ ಯಾರದೋ ಹೆಂಡತಿಯನ್ನು ಬಿಡಿಸಿ ತರುತ್ತಾನೆ. ಚಿತ್ರ ಶುರುವಾದ ಬಂಡೆಗಳ ನಡುವೆಯೇ ಮುಗಿಯುತ್ತದೆ.

ಆದರೆ ಎಲ್ಲ ಚಿತ್ರಗಳಲ್ಲೂ ಮೌನದ ತೂಕ ಒಂದೇ ಅಲ್ಲ. 'ದ ಟಾಲ್ ಟಿ' ಆರಂಭದಲ್ಲಿ ಸ್ಕಾಟ್ ನಗುಮೊಗದ ರೈತ. ಹೋರಿ ಸವಾರಿಯ ಪಂದ್ಯದಲ್ಲಿ ಕುದುರೆ ಸೋತು, ಜೀನು ಹೊತ್ತು ನಡೆಯುತ್ತಾನೆ. 'ಬುಕ್ಯಾನನ್ ರೈಡ್ಸ್ ಅಲೋನ್' (1958) ಬಹುಮಟ್ಟಿಗೆ ವಿನೋದದ್ದು. 'ಡಿಸಿಷನ್ ಅಟ್ ಸನ್‌ಡೌನ್' (1957) ಚಿತ್ರದಲ್ಲಂತೂ ಕಲ್ಲೇ ಒಡೆಯುತ್ತದೆ: ತಾನು ಯಾರಿಗಾಗಿ ಸೇಡಿಗೆ ಹೊರಟೆನೋ ಆ ಹೆಂಡತಿ ತಾನು ತಿಳಿದಂಥವಳಲ್ಲ ಎಂದು ಕೇಳಿದ ನಾಯಕ ಸಿಡಿದೇಳುತ್ತಾನೆ, ಅವನಿಂದಾಗಿ ಊರಿಗೆ ಬಿಡುಗಡೆ ಸಿಕ್ಕರೂ ಅವನು ಮಾತ್ರ ಕುಡಿದು, ಕಹಿಯಾಗಿ ಊರು ಬಿಡುತ್ತಾನೆ. ಮೌನ ಎಲ್ಲಿ ನಿಲ್ಲಬೇಕು, ಎಲ್ಲಿ ಒಡೆಯಬೇಕು ಎಂಬ ಆಯ್ಕೆ ಇಲ್ಲಿ ನಟನ ಕೈಯಲ್ಲಿದೆ.

5. ಒರೆಗಲ್ಲು: 1962

ಸ್ಯಾಮ್ ಪೆಕಿನ್‌ಪಾ ನಿರ್ದೇಶನದ 'ರೈಡ್ ದ ಹೈ ಕಂಟ್ರಿ' ಸ್ಕಾಟ್ ಅವರ ಕೊನೆಯ ಚಿತ್ರ. ಅವರ ಗಿಲ್ ವೆಸ್ಟ್ರಮ್ ನಮಗೆ ಮೊದಲು ಕಾಣುವುದು ಜಾತ್ರೆಯ ಅಂಗಡಿಯಲ್ಲಿ, ಕೃತಕ ಕೂದಲು, ಗಡ್ಡ ಅಂಟಿಸಿಕೊಂಡ 'ಆರೆಗನ್ ಕಿಡ್' ಆಗಿ, ಮೋಸದ ಗುರಿ ಪಂದ್ಯ ನಡೆಸುತ್ತ. ಮೂವತ್ತು ವರ್ಷ ಹಿಂದೆ ಬೇರೊಬ್ಬ ನಾಯಕನ ಹೋಲಿಕೆಗಾಗಿ ಬಣ್ಣ ಬಳಿಸಿಕೊಂಡಿದ್ದ ಮುಖಕ್ಕೆ ಈಗ ಮತ್ತೆ ವೇಷ. ಈ ಸಲ ಅದು ನಗೆಪಾಟಲಿಗಾಗಿ.

ಹಳೆಯ ಗೆಳೆಯ ಸ್ಟೀವ್ ಜಡ್ (ಜೋಯೆಲ್ ಮೆಕ್ರೀ) ಬೆಟ್ಟದ ಗಣಿಯಿಂದ ಬ್ಯಾಂಕಿಗೆ ಚಿನ್ನ ಸಾಗಿಸುವ ಕೆಲಸ ಹಿಡಿದಿದ್ದಾನೆ. ಅಂಗಿಯ ತೋಳಿನ ಅಂಚು ಜೂಲಾಗಿದೆ. ಕರಾರು ಓದಲು ಕನ್ನಡಕ ಬೇಕೆಂಬುದನ್ನು ಮರೆಮಾಡುತ್ತಾನೆ. ಅವನ ಜೊತೆ ಹೊರಡುವ ವೆಸ್ಟ್ರಮ್‌ನ ಕಣ್ಣು ಚಿನ್ನದ ಮೇಲೆ. ಹಿಂದಿನ ವಿನ್ಯಾಸವನ್ನು ಇಲ್ಲಿ ನೆನೆಯಬೇಕು. ನಾಯಕನ ಜೊತೆ ಸಾಗುತ್ತ, ಅವನನ್ನು ಮೆಚ್ಚುತ್ತ, ಅವನನ್ನು ವಂಚಿಸಲು ಹೊಂಚುವ ಸಹಪ್ರಯಾಣಿಕ: ಮಾಸ್ಟರ್ಸ್, ಅಷರ್ ಕೂತಿದ್ದ ಜಾಗದಲ್ಲಿ ಈಗ ಸ್ಕಾಟ್ ಕೂತಿದ್ದಾರೆ. ಆ ಜಾಗಕ್ಕೆ ಸಲ್ಲುವ ಮಾತೂ ಅವರದೇ. ಬಡವನಾಗಿ ಸಾಯುವವನ ಪ್ರಾಮಾಣಿಕತೆಗೆ ಏನು ಸಿಕ್ಕಿತು ಎಂದು ಅವರು ಕೆಣಕುತ್ತಾರೆ, ಚುಚ್ಚುತ್ತಾರೆ, ಆಸೆ ತೋರಿಸುತ್ತಾರೆ. ಮೌನ ಈಗ ಮೆಕ್ರೀ ಪಾಲಿನದು. 'ವೆಸ್ಟರ್ನ್ ಯೂನಿಯನ್', 'ದ ಸ್ಪಾಯ್ಲರ್ಸ್' ಕಾಲದ ಕಪಟ, ನಯ ಎರಡೂ ಕುಂದದೆ ಹಿಂದಿರುಗಿವೆ. ಆಡಲು ಬಾರದೆ ಸುಮ್ಮನಿದ್ದ ನಟನಾಗಿದ್ದರೆ ಅರವತ್ತನಾಲ್ಕರ ವಯಸ್ಸಿನಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲ.

ಕೊನೆಯಲ್ಲಿ ಗುಂಡು ತಿಂದು ಬಿದ್ದ ಜಡ್‌ಗೆ ವೆಸ್ಟ್ರಮ್, ಕೆಲಸ ನೀನು ಮಾಡಿದಂತೆಯೇ ಮುಗಿಸುವೆ ಎಂದು ಮಾತು ಕೊಡುತ್ತಾನೆ. ಚಿತ್ರದುದ್ದಕ್ಕೂ ಮಾತನ್ನು ಬಲೆಯಾಗಿ ಬೀಸಿದವನಿಂದ ಬಂದ ಈ ಮಾತನ್ನು ಜಡ್ ನಂಬುತ್ತಾನೆ.

ಸಮಾರೋಪ

ಈ ಚಿತ್ರದ ನಂತರ ಸ್ಕಾಟ್ ನಟನೆಯಿಂದ ನಿವೃತ್ತರಾದರು. 1987ರ ಮಾರ್ಚ್ 2ರಂದು ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡರು. ಸಮಾಧಿ ಬಾಲ್ಯದ ಊರಾದ ಷಾರ್ಲಟ್‌ನಲ್ಲಿದೆ. 'ರೈಡ್ ದ ಹೈ ಕಂಟ್ರಿ' 1992ರಲ್ಲಿ, 'ದ ಟಾಲ್ ಟಿ' 2000ದಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯನ್ನು ಸೇರಿದವು.

ಮೇಲಿನ ವಿಶ್ಲೇಷಣೆಯಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಸ್ಕಾಟ್ ಅವರ ಮೌನವನ್ನು ಅವರ ಮುಖದಲ್ಲಷ್ಟೇ ಹುಡುಕಿದರೆ ಕಲ್ಲು ಮಾತ್ರ ಕಾಣುತ್ತದೆ. ಎದುರಿನವನ ಮಾತು, ಕತ್ತರಿಸಿದ ಶಾಟ್, ಸತ್ತ ಹೆಂಡತಿ, ಕಿರಿದಾದ ಬಂಡವಾಳ ಇವುಗಳ ಜೊತೆಗಿಟ್ಟು ನೋಡಿದರೆ ಅದರ ಕಟ್ಟಡ ಕಾಣುತ್ತದೆ. ಎರಡನೆಯದಾಗಿ, ತಾರೆಯೊಬ್ಬರ ಕಸುಬನ್ನು ಅಳೆಯುವಾಗ ಅವರು ಮಾಡಿದ್ದನ್ನು ಎಣಿಸಿದರೆ ಸಾಲದು; ಮಾಡಬಲ್ಲವರಾಗಿದ್ದೂ ಸಹನಟರಿಗೆ ಬಿಟ್ಟುಕೊಟ್ಟದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೀ ಮಾರ್ವಿನ್, ರಿಚರ್ಡ್ ಬೂನ್ ಅವರ ಆ ಪಾತ್ರಗಳನ್ನು ಇಂದಿಗೂ ನೆನೆಯುತ್ತೇವೆಂದರೆ, ಅವರ ಮಾತಿಗೆ ಕಿವಿಗೊಟ್ಟು ಎದುರಿಗೆ ಕೂತ ನಟರ ಪಾಲೂ ಅದರಲ್ಲಿದೆ.