ಕುಸ್ವಾರ್: ನೆರೆಮನೆಗೆಂದೇ ರೂಪುಗೊಂಡ ತಟ್ಟೆ

ಕುಸ್ವಾರ್ ಎಂಬ ಪದವನ್ನು ಕೆದಕಿದರೆ ಪೋರ್ಚುಗಲ್ ಸಿಗುತ್ತದೆ, ಕುಸ್ವಾರಿನ ತಟ್ಟೆಯ ಮೇಲಿನ ಬಟ್ಟೆ ಸರಿಸಿದರೆ ಕರ್ಜಿಕಾಯಿ ಸಿಗುತ್ತದೆ. ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್ಮಸ್ಸಿಗೆಂದು ಮಾಡಿ ನೆಂಟರಿಗೂ ನೆರೆಯವರಿಗೂ ಹಂಚುವ ತಿಂಡಿಗಳಿಗೆಲ್ಲ ಒಟ್ಟಾಗಿ ಇರುವ ಹೆಸರು ಇದು. ಪೋರ್ಚುಗೀಸಿನ 'ಕೊನ್ಸುವಾದ' ಕೊಂಕಣಿಯ ಬಾಯಲ್ಲಿ ಸವೆದು ಕುಸ್ವಾರ್ ಆಯಿತು. ಕೊನ್ಸುವಾದ ಎಂದರೆ ಮೊದಲಿಗೆ ಉಪವಾಸದ ದಿನ ರಾತ್ರಿ ತೆಗೆದುಕೊಳ್ಳುವ ಹಗುರ ಆಹಾರ, ಆಮೇಲೆ ಕ್ರಿಸ್ಮಸ್ಸಿನ ಹಿಂದಿನ ರಾತ್ರಿಯ ಊಟ. ಹಬ್ಬಕ್ಕೆ ಕೊಡುವ ಉಡುಗೊರೆ ಎಂಬ ಅರ್ಥವೂ ಆ ಭಾಷೆಯಲ್ಲೇ ಉಂಟು. ಆದರೆ ಪೋರ್ಚುಗಲ್ಲಿನವರಿಗೆ ಇಂದಿಗೂ ಆ ಮಾತು ಕೇಳಿದೊಡನೆ ನೆನಪಾಗುವುದು ಬೇಯಿಸಿದ ಉಪ್ಪುಮೀನು, ಆಲೂಗಡ್ಡೆ, ಕೋಸು ಬಡಿಸಿದ ಮೇಜು, ಮನೆಯವರೇ ಸುತ್ತ ಕೂತು ಉಣ್ಣುವ ಮೇಜು. ನಮ್ಮ ಕರಾವಳಿಯಲ್ಲಿ ಆ ಪದದಿಂದ ಊಟದ ಅರ್ಥ ಪೂರ್ತಿ ಉದುರಿಹೋಗಿ, ಮನೆಯ ಹೊಸ್ತಿಲು ದಾಟುವ ತಟ್ಟೆಯ ಅರ್ಥವೊಂದೇ ಉಳಿಯಿತು. ಅದು ಸುಮ್ಮನೆ ಉದುರಿದ್ದಲ್ಲ ಎಂಬುದು ನನ್ನ ವಾದ. ಈ ತಟ್ಟೆಯಲ್ಲಿ ಏನಿರಬೇಕು, ಏನಿರಬಾರದು ಎಂದು ನಿಶ್ಚಯಿಸುವುದರಲ್ಲಿ ಕರಿದವರಷ್ಟೇ ಪಾಲು ಆಚೆಮನೆಯಲ್ಲಿ ಅದನ್ನು ಕೈಗೆತ್ತಿಕೊಳ್ಳುವವರಿಗೂ ಇದೆ.

ತಟ್ಟೆಯನ್ನೇ ದಾಖಲೆ ಎಂದು ಓದಬಹುದು. ಕಣಕದೊಳಗೆ ತೆಂಗಿನತುರಿ, ಎಳ್ಳು, ಸಕ್ಕರೆ, ಏಲಕ್ಕಿ ತುಂಬಿ ಅರ್ಧಚಂದ್ರದಂತೆ ಮಡಿಸಿ ಕರಿದ ನೆವ್ರಿ ಗೋವೆಯ ಹಿಂದೂ ಮನೆಗಳಲ್ಲಿ ಚೌತಿಗೆ ತಪ್ಪದ ಭಕ್ಷ್ಯ. ಅಲ್ಲಿ ಹೆಸರೂ ಅದೇ. ಚಕ್ಕುಲಿ, ಉಂಡೆ ಎಂದರೆ ಉಡುಪಿಯ ಅಷ್ಟಮಿ. ಎಳ್ಳಿನ ಲಾಡು, ಕುಚಲಕ್ಕಿ ಹುರಿದು ಪುಡಿಮಾಡಿ ಬೆಲ್ಲ ತೆಂಗಿನಕಾಯಿ ಕೂಡಿಸಿ ಕಟ್ಟಿದ ಲಾಡು, ಶಂಕರಪೋಳಿಯ ತಮ್ಮನಂತಿರುವ ತುಕ್ಡಿ, ನೇಂದ್ರಬಾಳೆಯನ್ನು ಒಣಗಿಸಿ ಮಾಡಿದ ಪತ್ತೆಕ ಇವುಗಳಲ್ಲಿ ಯಾವುದಕ್ಕೂ ಲಿಸ್ಬನ್ನಿನ ಹಡಗಿಗೆ ಕಾಯಬೇಕಿರಲಿಲ್ಲ. ಹಡಗು ತಂದದ್ದೂ ಇದೆ, ಅಲ್ಲಗಳೆಯುವಂತಿಲ್ಲ. ಗೋಡಂಬಿ ಬ್ರೆಜಿಲ್ಲಿನದು. ಸೀಬೆಹಣ್ಣು ಅಮೆರಿಕ ಖಂಡದ್ದು. ಅದರ ತಿರುಳನ್ನು ಸಕ್ಕರೆಯೊಡನೆ ಗಟ್ಟಿಯಾಗುವ ತನಕ ಕಾಯಿಸಿದ ಪೆರಾದ್ ಎಂಬ ಹೆಸರಿನೊಳಗೆ ಪೋರ್ಚುಗೀಸರ 'ಪೆರಾ' ಎಂಬ ಬೇರೆಯೇ ಹಣ್ಣು ಅಡಗಿದೆ. ಕೊಕ್ಕಿಸಾಂ ಎಂಬ ಗುಲಾಬಿ ಹೂವಿನ ತಿಂಡಿಗೆ ಬೇಕಾದ ಕಬ್ಬಿಣದ ಅಚ್ಚಿನಂಥದ್ದೇ ಅಚ್ಚು ಸ್ಪೇನಿನಲ್ಲೂ ಸ್ಕ್ಯಾಂಡಿನೇವಿಯಾದಲ್ಲೂ ಇದೆ. ಆದರೆ ಆ ಅಚ್ಚನ್ನು ಇಲ್ಲಿ ಅದ್ದುವುದು ಅಕ್ಕಿಹಿಟ್ಟು ಬೆರೆತ ತೆಂಗಿನಹಾಲಿಗೆ. ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟು ಒತ್ತಿ ಸುರುಳಿ ಸುತ್ತಿದ ಕಿಡ್ಯೊ ಕೂಡ ಹಾಗೆಯೇ. ಹುಳುಗಳು ಎಂದು ಅದಕ್ಕೆ ಹೆಸರಿಟ್ಟವರ ವಿನೋದ ಮೆಚ್ಚಬೇಕು! ಇಡೀ ತಟ್ಟೆಗೆ ಒಂದು ಒಲೆ, ಒಂದು ಬಾಣಲೆ, ಒಂದಿಷ್ಟು ಕೈಗಳು ಸಾಕು. ಮೇಲೂ ಕೆಳಗೂ ಕೆಂಡ ಇಟ್ಟು ಸುಡಬೇಕಾದದ್ದು ಅದರಲ್ಲಿ ಅಪರೂಪ.

ಇಷ್ಟಕ್ಕೆ ನೆರೆಮನೆಯನ್ನು ಏಕೆ ಎಳೆದು ತರಬೇಕು, ಉಪವಾಸದ ನಿಯಮವೇ ಸಾಕಲ್ಲ ಎನ್ನಬಹುದು. ಹಿಂದೆ ಕ್ರಿಸ್ಮಸ್ಸಿನ ಮುನ್ನಾದಿನ ಮಾಂಸ ನಿಷಿದ್ಧವಾಗಿತ್ತು, ಆದ್ದರಿಂದ ಕೊನ್ಸುವಾದದಲ್ಲಿ ಮಾಂಸವಿಲ್ಲ, ಕುಸ್ವಾರಿನಲ್ಲೂ ಇಲ್ಲ. ತರ್ಕ ಚೆನ್ನಾಗಿದೆ, ಆದರೆ ಪೂರ್ತಿ ದಡ ಸೇರುವುದಿಲ್ಲ. ಆ ನಿಯಮ ಮೀನನ್ನು ತಡೆದಿರಲಿಲ್ಲ, ಪೋರ್ಚುಗೀಸರ ಮೇಜಿನ ನಡುವೆ ಇರುವುದೇ ಮೀನು. ಅವರ ಕಾನ್ವೆಂಟುಗಳ ಸಿಹಿತಿಂಡಿ ನಿಂತಿರುವುದೇ ಮೊಟ್ಟೆಯ ಹಳದಿಯ ಮೇಲೆ. ಗೋವೆಯ ಬೆಬಿಂಕಾದಲ್ಲಿ ಆ ಗುಣ ಹಾಗೆಯೇ ಉಳಿದಿದೆ. ಮಂಗಳೂರಿನ ತಟ್ಟೆಯ ಮುಖ್ಯ ಭಾಗದಲ್ಲಿ ಮೀನೂ ಇಲ್ಲ, ಹಳದಿಯ ಆಡಂಬರವೂ ಇಲ್ಲ. ಕೊಕ್ಕಿಸಾಂಗೆ ಮೊಟ್ಟೆ ಬೀಳುತ್ತದೆ, ಕೆಲವು ಮನೆಗಳಲ್ಲಿ ಕಿಡ್ಯೊಗೂ ಬೀಳುತ್ತದೆ. ಆದ್ದರಿಂದ ತಟ್ಟೆ ಪೂರ್ತಿ ಸಸ್ಯಾಹಾರಿ ಎಂದರೆ ಸುಳ್ಳಾದೀತು. ಆದರೆ ಅವನ್ನು ತೆಗೆದಿಟ್ಟರೂ ತಟ್ಟೆ ಬಡವಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಇನ್ನೊಂದು ಆಕ್ಷೇಪ ಬಾಳಿಕೆಯದು: ಕರಾವಳಿಯ ಸೆಖೆಯಲ್ಲಿ ಕೆಡದೆ ಉಳಿಯಬೇಕೆಂದು ಕರಿದರು, ಒಣಗಿಸಿದರು, ಪಾಕ ಹಿಡಿದರು, ಅಷ್ಟೇ. ಹಾಗಾದರೆ ಸೊರ್ಪೊತೆಲ್ ಏಕೆ ಕುಸ್ವಾರ್ ಆಗಲಿಲ್ಲ? ವಿನೆಗರ್ ಹಾಕಿ ಮಾಡಿದ ಈ ಹಂದಿಮಾಂಸದ ಅಡುಗೆ ದಿನ ಕಳೆದಷ್ಟೂ ರುಚಿ ಹೆಚ್ಚುವಂಥದ್ದು, ಹಬ್ಬದ ದಿನ ಸಾನ್ನಗಳ ಜೊತೆ ಅದಿಲ್ಲದೆ ನಡೆಯದು. ಬಾಳಿಕೆಯೊಂದೇ ಮಾನದಂಡವಾಗಿದ್ದರೆ ಅದು ತಟ್ಟೆಗೆ ಏರಬೇಕಿತ್ತು. ಏರಲಿಲ್ಲ, ಮನೆಯೊಳಗೇ ಉಳಿಯಿತು. ಒಳಗೆ ಉಣ್ಣುವುದಕ್ಕೂ ಹೊರಗೆ ಕಳಿಸುವುದಕ್ಕೂ ಮಧ್ಯೆ ಯಾರೋ ಗೆರೆ ಎಳೆದಿದ್ದಾರೆ.

ಆ ಗೆರೆ ಯಾವುದೆಂದು ತಿಳಿಯಲು ಜಾತಿಸಮಾಜದ ಹಳೆಯ ಲೆಕ್ಕವನ್ನು ನೆನೆಯಬೇಕು. ನೀರಿನಲ್ಲಿ ಬೆಂದ ಅನ್ನ, ಸಾರು ಮನೆಯಿಂದ ಮನೆಗೆ ಸುಲಭವಾಗಿ ದಾಟುವುದಿಲ್ಲ. ಎಣ್ಣೆಯಲ್ಲಿ ಕರಿದದ್ದು, ಹುರಿದು ಬೆಲ್ಲದಲ್ಲಿ ಕಟ್ಟಿದ್ದು, ಒಣಗಿದ ಹಣ್ಣು ದಾಟಬಲ್ಲವು. ಕಟ್ಟಾ ಮಡಿಯ ಮನೆಗಳಲ್ಲಿ ಇವೂ ಹೊಸ್ತಿಲಲ್ಲೇ ನಿಂತಿರುತ್ತವೆ, ನಿಜ. ತುಳುನಾಡಿನ ಬಹುಪಾಲು ನೆರೆಯವರು ಮೀನು ಮಾಂಸ ತಿನ್ನುವವರೇ, ಅವರಿಗೆ ನೆವ್ರಿಯೇ ಏಕೆ ಎಂದೂ ಕೇಳಬಹುದು. ಆದರೆ ಮೀನು ತಿನ್ನುವವರೂ ಹಬ್ಬದ ಹೆಸರಿನಲ್ಲಿ ಪರರ ಮನೆಗೆ ಮೀನಿನ ಗಸಿ ಕಳಿಸುವುದಿಲ್ಲ, ಉಂಡೆ ಚಕ್ಕುಲಿ ಕಳಿಸುತ್ತಾರೆ. ಹಬ್ಬದ ತಟ್ಟೆಗೊಂದು ವ್ಯಾಕರಣವಿದೆ. ಅದು ಆಹಾರಪದ್ಧತಿಗಿಂತ ಬೇರೆ. ಘಟ್ಟದ ಮೇಲಿನವರು ಸಂಕ್ರಾಂತಿಗೆ ಎಳ್ಳು ಬೀರುವುದೂ ಅದೇ ವ್ಯಾಕರಣದ ಒಂದು ವಾಕ್ಯ. ಗೋವೆಯಲ್ಲಿ ತವರಿನಿಂದ ಮಗಳ ಮನೆಗೆ ಹೋಗುವ ತಿಂಡಿಯ ಹೊರೆಯನ್ನು ಹಿಂದೂಗಳೂ ಕ್ರೈಸ್ತರೂ ಒಂದೇ ಪದದಿಂದ, ವಜೆಂ ಎಂದು, ಕರೆಯುತ್ತಾರೆ. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬಕ್ಕೆ ಬಾಣಲೆ ಇಡುವುದಿಲ್ಲ, ನೆರೆಯವರೇ ಅಲ್ಲಿಗೆ ತಿಂಡಿ ಕಳಿಸುತ್ತಾರೆ. ದೀಪಾವಳಿಗೂ ಈ ನಡವಳಿಕೆ ಉಂಟು, ಕ್ರಿಸ್ಮಸ್ಸಿಗೂ ಉಂಟು. ಕೊನ್ಸುವಾದಕ್ಕೆ ಉಡುಗೊರೆಯ ಅರ್ಥ ಪೋರ್ಚುಗೀಸಿನಲ್ಲೇ ಇತ್ತು ಎಂಬ ಮಾತಿನಿಂದ ನನ್ನ ವಾದಕ್ಕೆ ಹಾನಿಯಿಲ್ಲ. ಹಲವು ಅರ್ಥಗಳಿದ್ದ ಪದದಿಂದ ಇಲ್ಲಿನವರು ತಮ್ಮ ಬಳಿ ಆಗಲೇ ಇದ್ದ ಆಚಾರಕ್ಕೆ ಹೊಂದುವುದನ್ನು ಹೆಕ್ಕಿಕೊಂಡರು.

ಹೆಕ್ಕಿಕೊಂಡವರ ಚರಿತ್ರೆಯೂ ಇದಕ್ಕೆ ಒತ್ತಾಸೆಯಾಗಿದೆ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು, 1560ರಲ್ಲಿ ಅಲ್ಲಿ ಮತನಿಷ್ಠೆಯ ವಿಚಾರಣೆ ನಡೆಸುವ ಇನ್‌ಕ್ವಿಸಿಷನ್ ಕಾಲಿಟ್ಟಿತು. ಅದರ 1736ರ ಆಜ್ಞೆಯ ಕಣ್ಣು ಅಡುಗೆಮನೆಯ ಮೇಲೂ ಬಿದ್ದಿತ್ತು: ಮತಾಂತರಗೊಂಡವರು ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸಬಾರದು, ಮನೆಯಲ್ಲಿ ತುಳಸಿ ಬೆಳೆಸಬಾರದು. ಅಷ್ಟು ಬಿಗಿಯ ನಡುವೆಯೂ ನೆವ್ರಿ ಚೌತಿಯಿಂದ ಜಾರಿ ನತಾಲಿಗೆ, ಎಂದರೆ ಕ್ರಿಸ್ಮಸ್ಸಿಗೆ, ಬಂದು ಬದುಕಿಕೊಂಡಿತು. ಯುದ್ಧ, ಬರ, ತೆರಿಗೆ, ವಿಚಾರಣೆಗಳಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಬಂದವರು ಕೆಳದಿಯ ಅರಸರ ನೆಲದಲ್ಲಿ ಬೇಸಾಯಕ್ಕೆ ನಿಂತರು. ಅಲ್ಲಿ ಅವರ ಸುತ್ತ ಇದ್ದದ್ದು ಬೇರೆ ಮತದ, ಬೇರೆ ಭಾಷೆಯ ಮನೆಗಳು. 1784ರಲ್ಲಿ ಟಿಪ್ಪು ಈ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ. ಉಳಿದವರು ಮರಳಿದ್ದು 1799ರ ನಂತರ. ಬಿಟ್ಟುಹೋಗಿದ್ದ ಊರಿನಲ್ಲಿ ಮತ್ತೆ ಬೇರೂರಬೇಕಾದ ಒಕ್ಕಲಿಗೆ ಬೇಲಿಯಾಚೆಯ ಮನೆಯ ವಿಶ್ವಾಸ ಬೀಜದ ಭತ್ತದಷ್ಟೇ ಅಗತ್ಯ. ಆಚೆಯವರು ಅನುಮಾನವಿಲ್ಲದೆ ಬಾಯಿಗಿಡಬಲ್ಲ ತಟ್ಟೆ ಅಂಥಲ್ಲಿ ಬಲಗೊಂಡಿತು ಎಂದರೆ ಅದು ಊಹೆ, ಆದರೆ ಬುಡವಿಲ್ಲದ ಊಹೆಯಲ್ಲ.

ಕೇಕಿನ ಕಥೆ ಈಚಿನದು. 1883ರಲ್ಲಿ ತಲಶ್ಶೇರಿಯ ಬೇಕರಿಯ ಮಾಂಬಳ್ಳಿ ಬಾಪು, ತೋಟದ ಧಣಿ ಬ್ರೌನ್ ತಂದ ತುಣುಕು ನೋಡಿ, ಕ್ರಿಸ್ಮಸ್ ಕೇಕು ಮಾಡಿಕೊಟ್ಟ ಪ್ರಸಂಗ ಪಶ್ಚಿಮ ಕರಾವಳಿಯಲ್ಲಿ ಪ್ರಸಿದ್ಧ. ಮೈದಾ, ಬೆಣ್ಣೆ, ಬೇಕರಿಯ ಒಲೆ ಕೈಗೆಟುಕಿದ ಮೇಲೆ ಮಂಗಳೂರಿನ ತಟ್ಟೆಯ ನಡುವೆ ಪ್ಲಮ್ ಕೇಕು ಬಂದು ಕೂತಿತು, ಇಂದು ಹಲವರಿಗೆ ಅದೇ ಹಬ್ಬದ ಗುರುತು. ಕುಸ್ವಾರ್ ಈಗ ಅಂಗಡಿಯಲ್ಲೇ ಡಬ್ಬಿಯಾಗಿ ಸಿಗುತ್ತದೆ, ಮನೆಯಲ್ಲಿ ಕರಿಯುವವರು ಕಡಿಮೆಯಾದರು, ಇನ್ನೆಲ್ಲಿಯ ನೆರೆಮನೆ ಎಂದು ಗೊಣಗುವವರಿಗೆ ಬೇಕರಿಯ ಕಪಾಟೇ ಉತ್ತರ ಕೊಡುತ್ತದೆ. ರಮ್ಮಿನಲ್ಲಿ ನೆನೆದ ಹಣ್ಣಿನ ಕೇಕಿನ ಪಕ್ಕದಲ್ಲೇ ಅಲ್ಲಿ ಎಗ್‌ಲೆಸ್ ಪ್ಲಮ್ ಕೇಕು ಇರುತ್ತದೆ. ಕೊಳ್ಳುವವರಲ್ಲಿ ಅನೇಕರು ಮೊಟ್ಟೆ ತಿನ್ನುವವರೇ. ಅವರು ಅದನ್ನು ಒಯ್ಯುವುದು ಮೊಟ್ಟೆ ತಿನ್ನದ ಆಚೆಮನೆಗೆ.