ಕೊಯ್ದ ಮೂಗು, ಕಟ್ಟಿದ ಮೂಗು

ನಮ್ಮ ದೇಶದಲ್ಲಿ ಮೂಗು ಉಸಿರಿನ ದ್ವಾರವಷ್ಟೇ ಆಗಿರದೆ ಮಾನದ ಕುರುಹೂ ಆಗಿತ್ತು. ಶೂರ್ಪಣಖಿಗೆ ಆದ ಶಿಕ್ಷೆ ಎಲ್ಲರೂ ಬಲ್ಲುದೇ. ಅಪರಾಧಿಯನ್ನಾಗಲಿ ಸೆರೆಸಿಕ್ಕ ಶತ್ರುವನ್ನಾಗಲಿ ಜೀವದಿಂದುಳಿಸಿ ಅವಮಾನಪಡಿಸಬೇಕಾದಾಗ ಮೂಗನ್ನು ಕೊಯ್ಯುವ ಪದ್ಧತಿ ಹಿಂದೆ ಇದ್ದಿತು. ಕೊಯ್ಯುವವರಿದ್ದ ಈ ನಾಡಿನಲ್ಲಿಯೇ ಅದನ್ನು ಮರಳಿ ಕಟ್ಟುವ ವಿದ್ಯೆಯೂ ಬೆಳೆಯಿತು. ಇಂದು ಪ್ಲಾಸ್ಟಿಕ್ ಸರ್ಜರಿಯನ್ನು ಮಾಡಿಸಿಕೊಳ್ಳಬೇಕೆ ಬೇಡವೆ ಎಂದು ಆಲೋಚಿಸುವವರಿಗೆ ಆ ವಿದ್ಯೆಯ ಚರಿತ್ರೆಯಲ್ಲಿ ಒಂದು ವಿವೇಕವೂ ದೊರೆಯುವುದೆಂದು ನಾವು ನಂಬುತ್ತೇವೆ.

ಮೊದಲು ಹೆಸರಿನ ಮಾತು. ಇಲ್ಲಿ ಪ್ಲಾಸ್ಟಿಕ್ ಎಂದರೆ ಬಕೆಟ್ಟು ಬಾಚಣಿಗೆಗಳ ವಸ್ತುವಲ್ಲ. ರೂಪಿಸುವುದು ಎಂಬರ್ಥದ ಗ್ರೀಕ್ ಶಬ್ದದಿಂದ ಬಂದ ಈ ಹೆಸರನ್ನು ಎಡ್ವರ್ಡ್ ತ್ಸೈಸ್ ಎಂಬ ಜರ್ಮನ್ ವೈದ್ಯನು 1838ರಲ್ಲಿಯೇ ತನ್ನ ಗ್ರಂಥಕ್ಕೆ ಇಟ್ಟಿದ್ದನು. ವಿದ್ಯೆಯಾದರೋ ಹೆಸರಿಗಿಂತ ಬಹಳ ಹಳೆಯದು. ಮೂಗಿನ ಅಳತೆಗೆ ಸರಿಯಾದ ಎಲೆಯೊಂದನ್ನು ಆರಿಸಿ, ಆ ಪ್ರಮಾಣದಲ್ಲಿ ಕೆನ್ನೆಯ ಚರ್ಮವನ್ನು ಎಬ್ಬಿಸಿ, ಮೂಗಿನ ಮೊಂಡಿಗೆ ಜೋಡಿಸಿ, ಉಸಿರಾಟಕ್ಕಾಗಿ ಎರಡು ನಾಳಗಳನ್ನು ಇಡುವ ಕ್ರಮವನ್ನು ಸುಶ್ರುತಸಂಹಿತೆ ವಿವರಿಸುತ್ತದೆ.

ಈ ವಿದ್ಯೆ ಪಶ್ಚಿಮ ದೇಶಗಳ ಗಮನವನ್ನು ಸೆಳೆದುದು ಮೈಸೂರಿನ ಯುದ್ಧವೊಂದರಿಂದ. 1792ರಲ್ಲಿ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠನು ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಆ ಸ್ಥಿತಿಯಲ್ಲಿಯೇ ಶ್ರೀರಂಗಪಟ್ಟಣದ ಸಮೀಪದಲ್ಲಿದ್ದ ಮುಂಬಯಿ ಸೈನ್ಯವನ್ನು ಸೇರಿದನು. ಮುಂದೆ ಕುಂಪಣಿಯಿಂದ ಅವನಿಗೆ ವಿಶ್ರಾಂತಿವೇತನ ದೊರೆಯಿತು. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಕಳೆದ ತರುವಾಯ ಪುಣೆಯ ಬಳಿ ಒಬ್ಬನಿಂದ ಹೊಸ ಮೂಗನ್ನು ಕಟ್ಟಿಸಿಕೊಂಡನು. ಆ ವೈದ್ಯನು ಇಟ್ಟಿಗೆ ಮಾಡುವ ಜಾತಿಯವನೆಂದು ಬರೆದಿಟ್ಟ ಆಂಗ್ಲೇಯರು ಅವನ ಹೆಸರನ್ನು ಮಾತ್ರ ಬರೆದಿಡಲಿಲ್ಲ.

ಅವನ ಕ್ರಮ ಹೀಗಿತ್ತು. ಮೊದಲು ತೆಳುವಾದ ಮೇಣದ ಹಾಳೆಯನ್ನು ಮೊಂಡಿಯ ಮೇಲೆ ಮೂಗಿನ ಆಕಾರಕ್ಕೆ ಬಗ್ಗಿಸಿ, ಬಳಿಕ ಅದನ್ನು ಚಪ್ಪಟೆಮಾಡಿ ಹಣೆಯ ಮೇಲಿಟ್ಟು, ಸುತ್ತಲೂ ಗೆರೆ ಎಳೆದನು. ಗೆರೆಯೊಳಗಿನ ಚರ್ಮವನ್ನು ಬಿಡಿಸಿದನಾದರೂ ಹುಬ್ಬುಗಳ ನಡುವೆ ಸಣ್ಣದೊಂದು ಪಟ್ಟಿಯನ್ನು ಕಡಿಯದೆ ಉಳಿಸಿದನು. ಹೊಸ ಸ್ಥಳಕ್ಕೆ ಅಂಟಿಕೊಳ್ಳುವವರೆಗೂ ಚರ್ಮಕ್ಕೆ ರಕ್ತ ಹರಿಯುವ ದಾರಿ ಅದೊಂದೇ. ಇಡೀ ಚಿಕಿತ್ಸೆಯ ಮರ್ಮವೂ ಅದೇ. ಆಮೇಲೆ ಚರ್ಮವನ್ನು ತಿರುಚಿ ಕೆಳಗಿಳಿಸಿ, ಹೆರೆದ ಮೊಂಡಿಯ ಅಂಚಿನೊಳಗೆ ಸೇರಿಸಿ, ನೀರಿನಲ್ಲಿ ನೆನೆದ ಕಾಚನ್ನು ಬಳಿದ ಬಟ್ಟೆಯ ಚೂರುಗಳನ್ನು ಒಂದರ ಮೇಲೊಂದು ಹೊದಿಸಿದನು. ನಾಲ್ಕು ದಿನಗಳ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆಯ ತುಂಡುಗಳು. ಸುಮಾರು ಇಪ್ಪತ್ತೈದನೆಯ ದಿನ ಹಣೆಯ ಪಟ್ಟಿಯನ್ನು ಕತ್ತರಿಸುವುದು.

ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಚಿತ್ರಸಮೇತ ಪ್ರಕಟವಾಯಿತು. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಇದರಿಂದ ಪ್ರೇರಿತನಾದರೂ ಒಡನೆಯೇ ರೋಗಿಗಳ ಮೇಲೆ ಕತ್ತಿಯೆತ್ತಲಿಲ್ಲ. ಶವಗಳ ಮೇಲೆ ಅಭ್ಯಾಸಮಾಡಿ, 1814ರ ಅಕ್ಟೋಬರ್ 23ರಂದು, ಪಾದರಸದ ಔಷಧದಿಂದ ಮೂಗು ನಾಶವಾಗಿದ್ದ ಸೈನ್ಯಾಧಿಕಾರಿಯೊಬ್ಬನಿಗೆ ಚಿಕಿತ್ಸೆ ನಡೆಸಿದನು. ಪ್ರಜ್ಞೆ ತಪ್ಪಿಸುವ ಔಷಧಗಳು ಇನ್ನೂ ಬಳಕೆಗೆ ಬಾರದಿದ್ದ ಕಾಲವದು. ಚಿಕಿತ್ಸೆ ಫಲಿಸಿತು, 1816ರಲ್ಲಿ ಅವನ ಗ್ರಂಥವೂ ಹೊರಬಂದಿತು. ನೂರು ವರ್ಷಗಳ ತರುವಾಯ ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾಗಿ ಬಂದ ಸಾವಿರಾರು ಯೋಧರಿಗಾಗಿ 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್ಪಿನಲ್ಲಿ ಆಸ್ಪತ್ರೆಯೊಂದು ತೆರೆಯಿತು. ಅಲ್ಲಿ ಹೆರಾಲ್ಡ್ ಗಿಲೀಸನು ಈ ವಿದ್ಯೆಯನ್ನು ಬಹುವಾಗಿ ಮುಂದುವರಿಸಿದನು.

ಈಗ ಇದೇ ಶಸ್ತ್ರವು ಸುಟ್ಟಗಾಯ, ಸೀಳುತುಟಿ, ಅಪಘಾತಗಳಿಗೆ ಮಾತ್ರವಲ್ಲದೆ ಸೌಂದರ್ಯಾಪೇಕ್ಷೆಗೂ ಒದಗುತ್ತಿದೆ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮುಖದ ನಿಮಿತ್ತ ಪಡುವ ಸಂಕಟವನ್ನು ಹೊರಗಿನವರು ಅಳೆಯಲಾರರು. ಆದರೆ ಕಾವಸ್‌ಜಿಯ ಉದಾಹರಣೆಯಿಂದ ನಾವು ಕೆಲವು ಪ್ರಶ್ನೆಗಳನ್ನು ಕಲಿಯಬಹುದು. ಅವನು ಮೂಗನ್ನು ಪಡೆದುದಕ್ಕೆ ಬೆಲೆಯಾಗಿ ಹಣೆಯ ಮೇಲೆ ಕಲೆಯನ್ನು ಹೊತ್ತನು. ಕಲೆಯಿಲ್ಲದ ಶಸ್ತ್ರಚಿಕಿತ್ಸೆ ಇಂದಿಗೂ ಇಲ್ಲ, ಅದನ್ನು ಮರೆಯಾದ ಕಡೆ ಇರಿಸುವ ಜಾಣ್ಮೆ ಮಾತ್ರ ಬೆಳೆದಿದೆ. ಅವನು ಮಾಯುವವರೆಗೆ ಕಾದನು; ಇಂದೂ ಮೂಗಿನ ಬಾವು ಪೂರ್ಣವಾಗಿ ಇಳಿಯಲು ಒಂದು ವರ್ಷ ಹಿಡಿಯಬಹುದು. ರಕ್ತದ ಹರಿವೇ ಅವನ ಮೂಗನ್ನು ಉಳಿಸಿತು. ಆ ಹರಿವನ್ನು ಕುಗ್ಗಿಸುವ ಧೂಮಪಾನವನ್ನು ವೈದ್ಯರು ಬಿಡಿಸುವುದು ಆದಕಾರಣವೇ. ಹೋದ ಕೈಯನ್ನು ಪುಣೆಯ ಕುಶಲಿ ಮರಳಿಸಲಾರದೆ ಹೋದನು. ಹಾಗೆಯೇ, ಶಸ್ತ್ರವು ಅಂಗದ ರೂಪವನ್ನು ತಿದ್ದಬಲ್ಲುದಲ್ಲದೆ ನೆಂಟರ ಪ್ರೀತಿಯನ್ನಾಗಲಿ ಮನಸ್ಸಿನ ನೆಮ್ಮದಿಯನ್ನಾಗಲಿ ತಂದುಕೊಡುವುದೆಂಬ ಭರವಸೆಯಿಲ್ಲ.

ಆದುದರಿಂದ ಬೇಕಾದುದೇನು, ಅದನ್ನು ಬಯಸುವವರು ತಾವೋ ಪರರೋ, ಕೆಟ್ಟರೆ ಗತಿಯೇನು, ವೈದ್ಯನು ಈ ಶಾಖೆಯಲ್ಲಿಯೇ ವಿಧಿವತ್ತಾಗಿ ಶಿಕ್ಷಣ ಪಡೆದವನೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಈ ಪ್ರಶ್ನೆಗಳಿಗೆ ಬೇಸರಪಡುವ ವೈದ್ಯನನ್ನು ಬಿಟ್ಟು ಬೇರೊಬ್ಬನನ್ನು ಕಾಣುವುದು ಲೇಸು. ಹೆಸರಿಲ್ಲದ ಆ ಇಟ್ಟಿಗೆಯವನು ಮೊದಲು ಕೈಗೆತ್ತಿಕೊಂಡುದು ಕತ್ತಿಯನ್ನಲ್ಲ, ಮೇಣವನ್ನು. ಅಳತೆ ಸರಿಯಿಲ್ಲವಾದರೆ ಮೇಣವನ್ನು ಮತ್ತೆ ಬಗ್ಗಿಸಬಹುದಿತ್ತು.