ಮೆಟೊಪ್ರೊಲಾಲ್

ಮೆಟೊಪ್ರೊಲಾಲ್ ಅಧಿಕ ರಕ್ತದೊತ್ತಡಕ್ಕೂ ಆಂಜೈನಾ ಎಂಬ ಹೃದಯಮೂಲದ ಎದೆನೋವಿಗೂ ವೈದ್ಯರು ಬರೆದುಕೊಡುವ ಬೀಟಾ ಬ್ಲಾಕರ್ ಗುಂಪಿನ ಔಷಧ. ಈ ಗುಂಪಿಗೆ ದಾರಿ ತೆರೆದದ್ದು 1960ರ ದಶಕದಲ್ಲಿ ಬಂದ ಪ್ರೊಪ್ರನೊಲಾಲ್. ಅದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ 1988ರ ನೊಬೆಲ್ ಪ್ರಶಸ್ತಿ ಪುರಸ್ಕೃತರಲ್ಲಿ ಒಬ್ಬರು. ಮೆಟೊಪ್ರೊಲಾಲ್ ಅಡ್ರಿನಲಿನ್ ಪ್ರಭಾವವನ್ನು ತಡೆದು ಹೃದಯಬಡಿತವನ್ನು ತಗ್ಗಿಸುವುದರಿಂದ ಹೃದಯದ ಸ್ನಾಯುವಿಗೆ ಬೇಕಾಗುವ ಆಮ್ಲಜನಕ ಕಡಿಮೆಯಾಗಿ ನೋವು ಬರುವುದು ವಿರಳವಾಗುತ್ತದೆ. ಶುರುವಾದ ನೋವನ್ನು ಇದು ನಿಲ್ಲಿಸದು. ಅದಕ್ಕೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬೇರೆಯೇ ಇದೆ.

ಮೆಟೊಪ್ರೊಲಾಲ್‌ನ ಟಾರ್ಟ್ರೇಟ್ ರೂಪವನ್ನು ಸಾಮಾನ್ಯವಾಗಿ ದಿನಕ್ಕೆರಡು ಬಾರಿ, ನಿಧಾನವಾಗಿ ಬಿಡುಗಡೆಯಾಗುವ ಸಕ್ಸಿನೇಟ್ ರೂಪವನ್ನು ಒಂದೇ ಬಾರಿ, ಊಟದೊಂದಿಗೆ ಅಥವಾ ಊಟವಾದ ಕೂಡಲೇ ಸೇವಿಸುತ್ತಾರೆ. ಎರಡನೆಯದನ್ನು ಜಗಿಯಬಾರದು, ಪುಡಿಮಾಡಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ಔಷಧವನ್ನು ಥಟ್ಟನೆ ನಿಲ್ಲಿಸುವುದರಲ್ಲಿದೆ. ಬಿಪಿ ಸರಿಹೋಯಿತೆಂದು ಬಿಟ್ಟರೂ, ಊರಿಗೆ ಹೋದಾಗ ಮಾತ್ರೆ ಮುಗಿದರೂ ದೇಹಕ್ಕೆ ಎರಡೂ ಒಂದೇ: ಆಂಜೈನಾ ಉಲ್ಬಣಿಸಬಹುದು, ಹೃದಯಾಘಾತವೂ ಆಗಬಹುದು. ನಿಲ್ಲಿಸಲೇಬೇಕಾದರೆ ವೈದ್ಯರು ಒಂದೆರಡು ವಾರಗಳಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ತಪ್ಪಿದ ಮಾತ್ರೆಗಾಗಿ ಮುಂದಿನ ಸಲ ಎರಡು ನುಂಗುವುದು ಸಲ್ಲದು.

ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಕುಸಿದಾಗಿನ ಎದೆಬಡಿತದ ಎಚ್ಚರಿಕೆಯನ್ನು ಇದು ಮರೆಮಾಚಬಹುದು. ಬೆವರುವಿಕೆ ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ. ಆಸ್ತಮಾ ಇದ್ದರೆ ಮೊದಲೇ ತಿಳಿಸಬೇಕು. ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್ ಎಂಬ ಔಷಧದ ಜೊತೆ ಸೇರಿದರೆ ನಾಡಿ ಅಪಾಯಕರವಾಗಿ ನಿಧಾನವಾಗಬಹುದು. ತಲೆಸುತ್ತು, ಆಯಾಸ, ತಣ್ಣನೆಯ ಕೈಕಾಲು ಸಾಮಾನ್ಯ ಅಡ್ಡಪರಿಣಾಮಗಳು; ಪ್ರಜ್ಞೆ ತಪ್ಪಿದರೆ, ಉಸಿರುಗಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.